ಬೈಗುಳ ಬದಿಗಿಟ್ಟು ಸುಣ್ಣದ ಮಾತು

ನಮ್ಮ ಸೀಮೆಯ ಅಡಿಕೆ ಬೆಳೆಗಾರರಿಗಾಗಿ 2019ರಲ್ಲಿ ನಾವು ಮೂವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿದೆವು. ಆಗ ಗುಂಪಿಗೆ 256 ಜನರ ಮಿತಿ ಇತ್ತು. ಎರಡೇ ತಿಂಗಳಲ್ಲಿ ತುಂಬಿತು. ಮದ್ದು ಹೊಡೆಯುವ ದಿನ, ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು ಯಾವ ಊರಲ್ಲಿ ಸಿಗುತ್ತಾರೆ, ಮಂಡಿಯಲ್ಲಿ ದರ ಎಷ್ಟು, ಮಾತು ಇಷ್ಟರಲ್ಲೇ ಇತ್ತು. ಜಗಳ ಶುರುವಾದದ್ದು 2022ರಲ್ಲಿ, ಎಲೆಚುಕ್ಕೆ ರೋಗ ಮಲೆನಾಡಿನ ತೋಟಗಳನ್ನು ಹಿಡಿದಾಗ. ಅಡಿಕೆ ಮರದ ಸೋಗೆ, ಅಂದರೆ ಗರಿ, ಕಣ್ಣೆದುರೇ ಒಣಗುತ್ತಿದ್ದರೆ ಸಿಟ್ಟು ಯಾರ ಮೇಲಾದರೂ ಹೋಗಲೇಬೇಕು. ಆ ವರ್ಷ ಅದು ನನ್ನ ಮೇಲೆ ಬಂತು.

ರೋಗ ತಗುಲಿದ ಸೋಗೆ ಕಡಿದು ಸುಡಿ, ಶಿಲೀಂಧ್ರನಾಶಕ ಪ್ರೊಪಿಕೊನಜೋಲ್ ಲೀಟರ್ ನೀರಿಗೆ 1 ಮಿಲಿಯಂತೆ ಬೆರೆಸಿ ಎಲೆಗೆ ಹೊಡೆಯಿರಿ ಎಂದು ಬರೆದಿದ್ದೆ. ತಜ್ಞರು ಹೇಳುತ್ತಿದ್ದುದೇ ಅದು. ರಾತ್ರಿ ಹತ್ತೂವರೆಗೆ ಒಬ್ಬರ ಉತ್ತರ ಬಂತು: "ಕಂಪನಿಯಿಂದ ಲೀಟರಿಗೆ ಎಷ್ಟು ಕಮಿಷನ್? ಗಂಡ ಹೋದ ಮೇಲೆ ತೋಟ ಹಿಡಿದವಳಿಂದ ನಾವು ಕೃಷಿ ಕಲಿಯಬೇಕೆ?"

ನನ್ನ ಯಜಮಾನರು ತೀರಿಕೊಂಡು ಆಗ ನಾಲ್ಕು ವರ್ಷ. ಕೈ ನಡುಗುತ್ತಿತ್ತು. ನಲವತ್ತು ಸಾಲಿನ ಉತ್ತರ ಬರೆದು ಕಳುಹಿಸಿಬಿಟ್ಟೆ. ಅವರ ತೋಟದ ಸ್ಥಿತಿ, ಸೊಸೈಟಿಯಲ್ಲಿ ಅವರು ಮಾಡಿದ ಸಾಲ, ನನಗೆ ಗೊತ್ತಿದ್ದ ಎಲ್ಲವನ್ನೂ ಅದರಲ್ಲಿ ಸುರಿದಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಎಂಬತ್ತು ಸಂದೇಶ. ಹನ್ನೊಂದು ಜನ ಗುಂಪು ಬಿಟ್ಟು ಹೋಗಿದ್ದರು. ಆ ಗಲಾಟೆಯ ನಡುವೆ ಒಬ್ಬ ಹುಡುಗ, "ಸಸಿ ತೋಟಕ್ಕೂ ಇದೇ ಪ್ರಮಾಣವೇ ಅಕ್ಕಾ?" ಎಂದು ಕೇಳಿದ್ದ. ಅವನಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. ಬೈಸಿಕೊಂಡದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಆ ನಲವತ್ತು ಸಾಲನ್ನು ನಾನು ಬರೆದದ್ದು ಒಬ್ಬರಿಗಾಗಿ, ಓದಿದ್ದು ಇನ್ನೂರ ಐವತ್ತು ಮನೆ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಸಂದೇಶ ಬಂದ ಕೂಡಲೇ ಉತ್ತರಿಸುವುದಿಲ್ಲ. ಅದನ್ನು ಒಂದು ಹಾಳೆಯಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತೇನೆ. ಮಧ್ಯೆ ಗೆರೆ ಎಳೆದು ಎಡಕ್ಕೆ ತೋಟದ ಮಾತು, ಬಲಕ್ಕೆ ನನ್ನ ಮೇಲಿನ ಮಾತು. ಮೊಬೈಲಿನಲ್ಲಿ ಓದುವಾಗ ಎರಡೂ ಒಂದೇ ಉರಿಯಾಗಿ ಕಾಣುತ್ತವೆ, ಕಾಗದಕ್ಕೆ ಇಳಿಸಿದರೆ ಬೇರೆಯಾಗುತ್ತವೆ. ಎಡಭಾಗಕ್ಕೆ ಗುಂಪಿನಲ್ಲೇ ಪೂರ್ತಿ ಉತ್ತರ ಕೊಡುತ್ತೇನೆ. ಬಲಭಾಗಕ್ಕೆ ಒಂದೇ ಸಾಲು: "ನನ್ನ ಮನೆಯ ವಿಚಾರ ಇಲ್ಲಿ ಬೇಡ." ಎಷ್ಟು ಕೆಣಕಿದರೂ ಎರಡನೆಯ ಸಾಲು ಬರೆಯುವುದಿಲ್ಲ. ಎಡಭಾಗ ಖಾಲಿಯಾಗಿಯೇ ಉಳಿದರೆ ಆ ಸಂದೇಶವನ್ನು ಅಡ್ಮಿನ್ ಆಗಿ ಅಳಿಸುತ್ತೇನೆ, ಏಕೆ ಅಳಿಸಿದೆ ಎಂದು ಅಲ್ಲೇ ತಿಳಿಸುತ್ತೇನೆ.

ಈ ಗೆರೆಯ ಬೆಲೆ ನನಗೆ ನಿಜವಾಗಿ ತಿಳಿದದ್ದು 2024ರ ಜುಲೈಯಲ್ಲಿ. ಮಳೆ ಬಿಡದೆ ಸುರಿದು, ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಜೋರಾಗಿತ್ತು. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣವನ್ನು ಎರಡನೆಯ ಸುತ್ತು ಹೊಡೆಸಿದ ಚಿತ್ರ ಹಾಕಿದ್ದೆ. ಹಳೆಯ ವ್ಯಕ್ತಿಯೇ ಮತ್ತೆ ಬಂದರು: "ಬೋರ್ಡೋ ಮಾಡಲು ಬಾರದ ಹೆಂಗಸು ಊರಿಗೆಲ್ಲ ಪಾಠ ಹೇಳುತ್ತಿದ್ದಾಳೆ. ಬಣ್ಣ ನೋಡಿದರೇ ಗೊತ್ತಾಗುತ್ತದೆ, ಸುಣ್ಣ ಸಾಲದು."

ಹಾಳೆಯ ಎಡಭಾಗದಲ್ಲಿ ಎರಡೇ ಪದ ಉಳಿದವು: ಸುಣ್ಣ ಸಾಲದು. ಲೆಕ್ಕ ತಪ್ಪಿರಲಿಲ್ಲ. 1 ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಆದರೂ ಮರುದಿನ ಉಳಿದ ಮರಗಳಿಗೆಂದು ದ್ರಾವಣ ಕಲಸಿದಾಗ, ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಡ್ರಮ್ಮಿನಲ್ಲಿ ಅದ್ದಿ ಹಿಡಿದೆ. ತೆಗೆದಾಗ ಅಲಗಿನ ಮೇಲೆ ಕೆಂಪು. ತಾಮ್ರ ಕೂತಿತ್ತು. ದ್ರಾವಣ ಇನ್ನೂ ಹುಳಿಯಾಗಿದೆ ಎಂದೇ ಅರ್ಥ. ಹಾಗೇ ಹೊಡೆದರೆ ಎಳೆಯ ಕಾಯಿಗೇ ಪೆಟ್ಟು. ಸುಣ್ಣದ ಚೀಲ ಹಿಂದಿನ ವರ್ಷದ್ದು, ಬಾಯಿ ಬಿಚ್ಚಿ ಗಾಳಿ ಹಿಡಿದು ಸತ್ವ ಕಳೆದುಕೊಂಡಿತ್ತು. ಇನ್ನಷ್ಟು ಸುಣ್ಣದ ತಿಳಿ ಹಾಕುತ್ತಾ ಹೋದೆ. ಮೂರನೆಯ ಸಲ ಅದ್ದಿದಾಗ ಕತ್ತಿ ಹೇಗಿತ್ತೋ ಹಾಗೇ ಹೊರಬಂತು.

ಎಲ್ಲವನ್ನೂ ವಿಡಿಯೋ ಮಾಡಿದ್ದೆ. ಗುಂಪಿಗೆ ಹಾಕಿ ಹೀಗೆ ಬರೆದೆ: "ಸುಣ್ಣದ ಬಗ್ಗೆ ಅವರು ಹೇಳಿದ್ದು ಸರಿ. ನನ್ನ ಸುಣ್ಣ ಹಳೆಯದಾಗಿತ್ತು. ಎಲ್ಲರೂ ಕತ್ತಿ ಅದ್ದಿ ನೋಡಿಕೊಳ್ಳಿ. ಅವರು ನನ್ನನ್ನು ಕರೆದ ರೀತಿ ಸರಿಯಲ್ಲ." ಅಂದು ಸಂಜೆಯೊಳಗೆ ಹದಿನಾಲ್ಕು ಮನೆಯವರು ತಮ್ಮ ತಮ್ಮ ಕತ್ತಿಯ ಚಿತ್ರ ಹಾಕಿದರು. ನಾಲ್ಕು ಕೆಂಪಾಗಿದ್ದವು. ಬೈದರೆಂಬ ಕಾರಣಕ್ಕೆ ಆ ಸಂದೇಶವನ್ನು ಅಳಿಸಿ ಸುಮ್ಮನಾಗಿದ್ದರೆ ನಾಲ್ಕು ತೋಟದ ಗೊನೆ ಹಾಳಾಗುತ್ತಿತ್ತು.

ಆದರೆ ಎಲ್ಲ ಮಾತಿಗೂ ಎಡಭಾಗ ಇರುವುದಿಲ್ಲ. ಅದೇ ಆಗಸ್ಟಿನಲ್ಲಿ ಗೊತ್ತಿಲ್ಲದ ನಂಬರಿನಿಂದ ನಮ್ಮ ತೋಟದ ದಣಪೆಯ, ಅಂದರೆ ಬೇಲಿಯ ಬಾಗಿಲಿನ, ಚಿತ್ರ ಬಂತು. ಕೆಳಗೆ, "ಒಬ್ಬಳೇ ಓಡಾಡುತ್ತೀಯಲ್ಲ." ಇದು ಚರ್ಚೆಯಲ್ಲ. ಇಂಥದ್ದನ್ನು ತೂಗಿ ನೋಡುತ್ತಾ ಕೂರಬಾರದು. ಹೆದರಿ ಅದನ್ನು ಅಳಿಸಲು ಹೊರಟಿದ್ದೆ, ಮಗಳು ಕೈ ಹಿಡಿದಳು. ಮೂಲ ಸಂದೇಶ ಫೋನಿನಲ್ಲಿ ಇರಲೇಬೇಕು. ನಂಬರು, ದಿನ, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಬೇಕು, ಒಂದು ಪ್ರತಿಯನ್ನು ನಂಬಿಕಸ್ಥರಿಗೆ ಕಳುಹಿಸಿಡಬೇಕು. ಆಮೇಲಷ್ಟೇ ಬ್ಲಾಕ್ ಮಾಡಬೇಕು.

ಗುಂಪಿನ ಹಿರಿಯರೊಬ್ಬರು "66ಎ ಹಾಕಿಸಿ" ಎಂದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ ಎಂದು ಪರಿಚಯದ ವಕೀಲರು ತಿಳಿಸಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಕೆಗೆ 351ನೆಯ ಕಲಮು, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ 79, ಮಾನಹಾನಿಗೆ 356. ಅರ್ಜಿಯಲ್ಲಿ ಕಲಮು ಬರೆಯುವುದು ನಮ್ಮ ಕೆಲಸವಲ್ಲ, ನಡೆದದ್ದನ್ನು ದಿನಾಂಕದೊಂದಿಗೆ ಬರೆದರೆ ಸಾಕು ಎಂದೂ ಹೇಳಿದರು. ಒಂದು ಪುಟ ಬರೆದುಕೊಂಡು ಮಗಳ ಜೊತೆ ಠಾಣೆಗೆ ಹೋಗಿ ಕೊಟ್ಟು, ಸ್ವೀಕೃತಿ ಪಡೆದು ಬಂದೆ. ಪೊಲೀಸರು ಆ ನಂಬರಿಗೆ ಫೋನ್ ಮಾಡಿದ ಮೇಲೆ ಸಂದೇಶ ನಿಂತಿತು.

ಇನ್ನೊಂದು ಮಾತು ಹೇಳಲೇಬೇಕು. ನನ್ನನ್ನು ಬೈದಾಗಲೆಲ್ಲ ಹತ್ತಾರು ಜನ ಖಾಸಗಿಯಾಗಿ ಬರೆಯುತ್ತಿದ್ದರು: "ಬೇಸರ ಮಾಡಿಕೊಳ್ಳಬೇಡಿ ಅಕ್ಕಾ, ನಾವಿದ್ದೇವೆ." ಗುಂಪಿನಲ್ಲಿ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಎದುರಿಗೆ ನಿಂತವನಿಗೆ ಕಾಣುವುದು ನಾನೊಬ್ಬಳೇ. ಒಂದು ದಿನ ಎಲ್ಲರಿಗೂ ಒಂದೇ ಉತ್ತರ ಕಳುಹಿಸಿದೆ: "ಇದನ್ನೇ ಗುಂಪಿನಲ್ಲಿ ಒಂದು ಸಾಲು ಬರೆಯಿರಿ. ಜಗಳ ಬೇಡ, 'ಈ ಮಾತು ಬೇಡ' ಎಂದರೆ ಸಾಕು." ಮೊದಲು ಬರೆದವರು ಇಬ್ಬರು. ಮುಂದಿನ ಸಲ ಒಂಬತ್ತು. ಅಡ್ಮಿನ್ ಅಳಿಸುವ ನೂರು ಸಂದೇಶಕ್ಕಿಂತ ಆ ಒಂಬತ್ತು ಸಾಲಿಗೆ ಬಲ ಹೆಚ್ಚು, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡುವುದನ್ನೂ ಆಗಲೇ ಶುರು ಮಾಡಿದೆವು. ಕೆಟ್ಟ ಮಾತು ಹೆಚ್ಚಾಗಿ ಬರುತ್ತಿದ್ದುದು ಆ ಹೊತ್ತಿನಲ್ಲೇ.

ಗುಂಪು ಬಿಟ್ಟ ಹನ್ನೊಂದು ಜನರಲ್ಲಿ ಏಳು ಜನ ಮರಳಿದ್ದಾರೆ. ಸಸಿ ತೋಟದ ಪ್ರಶ್ನೆ ಕೇಳಿದ್ದ ಹುಡುಗನಿಗೆ ನಾನೇ ಫೋನ್ ಮಾಡಿ, ತಡವಾಯಿತು ಎಂದು ಹೇಳಿ ಉತ್ತರ ಕೊಟ್ಟಿದ್ದೆ. ಈಗ ಅವನೂ ಒಬ್ಬ ಅಡ್ಮಿನ್.

ಕಳೆದ ಮಳೆಗಾಲದ ಮೊದಲು ಸುಣ್ಣದ ತಪ್ಪು ಹಿಡಿದವರೇ ಫೋನ್ ಮಾಡಿದರು. "ಸುಣ್ಣ ಈ ವರ್ಷದ್ದು ತಾನೇ?" ಎಂದು ಕೇಳಿದರು. "ನಿನ್ನೆ ತಂದದ್ದು" ಎಂದೆ. ಮೈಲುತುತ್ತದ ದರದ ಬಗ್ಗೆ ಸ್ವಲ್ಪ ಹೊತ್ತು ಮಾತನಾಡಿದೆವು. ಅಂದಿನ ರಾತ್ರಿಯ ಮಾತಿಗೆ ಅವರು ಇವತ್ತಿಗೂ ಕ್ಷಮೆ ಕೇಳಿಲ್ಲ. ಅವರ ಸಾಲದ ವಿಷಯ ಬೀದಿಗೆ ತಂದದ್ದಕ್ಕೆ ಆ ಫೋನಿನಲ್ಲಿ ನಾನು ಕ್ಷಮೆ ಕೇಳಿದೆ.