ಮೊಟ್ಟೆ ಬೀಳುವವರೆಗೆ ಹತ್ತಿರ ಹೋಗಬೇಡಿ: ಕಡಲಾಮೆ ನೋಡುವ ಕ್ರಮ

ಕಡಲಾಮೆ ಮೊಟ್ಟೆಯಿಡುವುದನ್ನು ನೋಡಬೇಕೆಂದು ಬರುವವರಿಗೆ ನಾನು ಮೊದಲು ಕಲಿಸುವುದು, ಆಮೆ ಈಗ ಯಾವ ಹಂತದಲ್ಲಿದೆ ಎಂದು ಗುರುತಿಸುವುದನ್ನು. ನೀರಿನಿಂದ ಮೇಲೇರುವ ಹೊತ್ತಿನಲ್ಲಿ ಅದಕ್ಕೆ ವಿಪರೀತ ಅಳುಕು. ಯಾರೋ ಟಾರ್ಚ್ ಹಾಕಿದರೆ, ನಾಲ್ಕು ಜನ ಎದ್ದು ಓಡಾಡಿದರೆ ಸಾಕು, ತಿರುಗಿ ಕಡಲಿಗೆ ಇಳಿದುಬಿಡುತ್ತದೆ. ಮೊಟ್ಟೆ ಬೀಳಲು ಶುರುವಾದ ಮೇಲೆ ಅದೇ ಆಮೆ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಅಲ್ಲಿಯವರೆಗೆ ಕಾಯುವುದೇ ಇದರಲ್ಲಿ ದೊಡ್ಡ ಕೆಲಸ.

ಸಂರಕ್ಷಿತ ತೀರಗಳಲ್ಲಿ ರಾತ್ರಿ ಇಳಿಯಲು ಅನುಮತಿ ಬೇಕು, ಜೊತೆಗೆ ಅಲ್ಲಿನ ಕಾವಲುಗಾರರೋ ಮಾರ್ಗದರ್ಶಕರೋ ಇರಬೇಕು. ಬಟ್ಟೆ ಗಾಢ ಬಣ್ಣದ್ದಿರಲಿ. ಟಾರ್ಚ್ ಕೆಂಪು ಬೆಳಕಿನದ್ದೇ ಆಗಬೇಕು, ಅದೂ ಮಂದವಾಗಿ. ಬಿಳಿ ಟಾರ್ಚಿಗೆ ಒಂದೇ ಪದರ ಕೆಂಪು ಹಾಳೆ ಸುತ್ತಿದರೆ ಅಂಚಿನಿಂದ ಬಿಳಿ ಬೆಳಕು ಸೋರುತ್ತದೆ, ಕತ್ತಲಕೋಣೆಯಲ್ಲಿ ಗೋಡೆಗೆ ಹಿಡಿದು ಮೊದಲೇ ನೋಡಿಕೊಳ್ಳಿ. ಫೋನ್ ಆಫ್ ಇರಲಿ. ಕ್ಯಾಮೆರಾದವರು ಫ್ಲ್ಯಾಶ್ ಆರಿಸುತ್ತಾರೆ, ಆದರೆ ಫೋಕಸ್ ಮಾಡುವಾಗ ಹೊತ್ತಿಕೊಳ್ಳುವ ಪುಟ್ಟ ದೀಪವನ್ನು ಮರೆತಿರುತ್ತಾರೆ. ಕೈಗಡಿಯಾರದ ಪರದೆಯೂ ಹಾಗೆಯೇ. ಇಪ್ಪತ್ತು ಮೂವತ್ತು ನಿಮಿಷ ಕತ್ತಲಲ್ಲಿ ಸುಮ್ಮನೆ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ, ಆಮೇಲೆ ನಕ್ಷತ್ರದ ಬೆಳಕಿನಲ್ಲೇ ಮರಳು ಕಾಣುತ್ತದೆ.

ನಡೆಯುವುದು ನೀರಿನ ಅಂಚಿನ ಹಸಿ ಮರಳಿನಲ್ಲಿ, ಒಬ್ಬರ ಹಿಂದೆ ಒಬ್ಬರು. ಮೇಲಿನ ಒಣ ಮರಳಿನಲ್ಲಿ ಹಳೆಯ ಗೂಡುಗಳಿರುತ್ತವೆ. ಕೆಳಗೇ ನಡೆದರೆ ಆಮೆ ಏರಿಹೋದ ಜಾಡು ತಾನಾಗಿ ಅಡ್ಡ ಸಿಗುತ್ತದೆ. ಏರಿದ ಜಾಡು ಮಾತ್ರ ಇದ್ದರೆ ಆಮೆ ಇನ್ನೂ ಮೇಲಿದೆ, ಇಳಿದ ಜಾಡೂ ಇದ್ದರೆ ಹೋಗಿಯಾಗಿದೆ. ಎಡಬಲದ ಗುರುತುಗಳು ಒಂದಾದ ಮೇಲೊಂದರಂತೆ ಬಿದ್ದಿದ್ದು, ಜಾಡಿನ ಅಗಲ 70–80 ಸೆಂಟಿಮೀಟರ್ ಇದ್ದರೆ ಬಹುಮಟ್ಟಿಗೆ ಆಲಿವ್ ರಿಡ್ಲಿ ಜಾತಿಯ ಕಡಲಾಮೆ. ಎರಡೂ ಕಡೆ ಜೋಡಿಯಾಗಿ ಬಿದ್ದು ಒಂದು ಮೀಟರ್ ಆಸುಪಾಸು ಇದ್ದರೆ ಹಸಿರು ಕಡಲಾಮೆ. ಜೋಡಿ ಗುರುತೇ ಇದ್ದು ಅಗಲ ಒಂದೂವರೆ ಮೀಟರ್ ದಾಟಿದರೆ ಅದು ಲೆದರ್‌ಬ್ಯಾಕ್.

ಜಾಡು ಕಂಡ ಕೂಡಲೇ ಅದರ ಬೆನ್ನು ಹತ್ತಬೇಡಿ. ಅಲ್ಲೇ ಕುಳಿತು ಕಿವಿಗೊಡಿ. ಮರಳು ದಪದಪ ಬಿದ್ದ ಸದ್ದು ಬಂದರೆ ಅದು ಮೈ ಹುದುಗಿಸಿಕೊಳ್ಳಲು ಮುಂಗಾಲುಗಳಿಂದ ಮೇಲಿನ ಒಣ ಮರಳನ್ನು ತಳ್ಳುತ್ತಿದೆ. ಆ ಸದ್ದು ನಿಂತು ಮೈ ಎಡಕ್ಕೂ ಬಲಕ್ಕೂ ನಿಧಾನ ವಾಲತೊಡಗಿದರೆ ಮೊಟ್ಟೆಗುಂಡಿ ತೋಡುವ ಕೆಲಸ ಶುರುವಾಗಿದೆ. ಇದು ಹಿಂಗಾಲುಗಳ ಕೆಲಸ. ಒಂದು ಹಿಂಗಾಲು ಗುಂಡಿಗೆ ಇಳಿದು, ಅಂಚನ್ನು ಒಳಕ್ಕೆ ಸುತ್ತಿಕೊಂಡು, ಸೌಟಿನಂತೆ ಹಸಿ ಮರಳನ್ನು ಎತ್ತಿ ಪಕ್ಕಕ್ಕೆ ಹಾಕುತ್ತದೆ. ಅದೇ ಕ್ಷಣಕ್ಕೆ ಇನ್ನೊಂದು ಕಾಲು ಅಂಚಿನ ಮರಳನ್ನು ಮುಂದಕ್ಕೆ ಚಿಮ್ಮಿ ತಾನು ಇಳಿಯುತ್ತದೆ. ಆಮೆ ಇದನ್ನು ಒಮ್ಮೆಯೂ ತಿರುಗಿ ನೋಡುವುದಿಲ್ಲ, ಎಲ್ಲವೂ ಕಾಲಿನ ಸ್ಪರ್ಶದ ಅಂದಾಜು. ಕಾಲು ಎಟುಕದಷ್ಟು ಆಳವಾದಾಗ ತೋಡುವುದು ನಿಲ್ಲುತ್ತದೆ. ರಿಡ್ಲಿಯ ಗುಂಡಿ ಸುಮಾರು 40–50 ಸೆಂಟಿಮೀಟರ್, ಬಾಯಿ ಕಿರಿದು, ತಳ ಅಗಲ.

ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಮರಳು ತೀರಾ ಒಣಗಿದ್ದರೆ ಗೋಡೆ ಕುಸಿಯುತ್ತದೆ. ಬೇರು, ಕಲ್ಲು, ಹೂತುಹೋದ ಬಲೆಯ ತುಂಡು ಅಡ್ಡ ಬರುತ್ತದೆ. ಆಗ ಆಮೆ ಜಾಗ ಬದಲಿಸುತ್ತದೆ ಅಥವಾ ಮೊಟ್ಟೆಯಿಡದೆ ಮರಳುತ್ತದೆ. ಅದೇ ರಾತ್ರಿಯೋ ಮರುರಾತ್ರಿಯೋ ಮತ್ತೆ ಬರುವುದುಂಟು. ಅದು ಹಾಗೆ ತಾನಾಗಿ ಮರಳಿದರೆ ಅದರ ಪಾಡಿಗೆ ಬಿಡಬೇಕು. ನಮ್ಮ ಬೆಳಕಿಗೋ ಓಡಾಟಕ್ಕೋ ಹೆದರಿ ಮರಳಿದರೆ ಆ ರಾತ್ರಿ ಅಲ್ಲಿಗೆ ಮುಗಿಸಿ ಎಲ್ಲರೂ ತೀರ ಬಿಡುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ತೋಡುತ್ತಿರುವಾಗ ಗುಂಪು ಹದಿನೈದು ಇಪ್ಪತ್ತು ಮೀಟರ್ ದೂರದಲ್ಲಿ, ಆಮೆಯ ಹಿಂಬದಿಗೆ ಕೂತಿರಲಿ. ಅನುಭವವಿರುವ ಒಬ್ಬರು ಮಾತ್ರ ತೆವಳಿಕೊಂಡು ಹೋಗಿ ಬಾಲದ ಕೆಳಗೆ ನೋಡುತ್ತಾರೆ. ಹತ್ತು ಹದಿನೈದು ಮೊಟ್ಟೆ ಬಿದ್ದ ಮೇಲೆ ಉಳಿದವರನ್ನು ಕರೆಯುತ್ತಾರೆ. ಎಲ್ಲರೂ ಹಿಂದಿನಿಂದಲೇ, ಬಾಗಿಕೊಂಡೇ ಬರಬೇಕು. ಆಮೆಯ ಭುಜ ದಾಟಿ ಯಾರೂ ಮುಂದೆ ಹೋಗಬಾರದು, ಚಿಪ್ಪು ಮುಟ್ಟಬಾರದು. ಕೆಂಪು ಬೆಳಕು ಬಾಲದ ಕಡೆಗೆ ಮಾತ್ರ. ಲೋಳೆ ಅಂಟಿದ ಬಿಳಿ ಮೊಟ್ಟೆಗಳು ಎರಡು, ಮೂರು ಒಟ್ಟೊಟ್ಟಿಗೆ ಬೀಳುತ್ತವೆ. ಚಿಪ್ಪು ಗಡುಸಲ್ಲ, ಮೆತ್ತಗಿನ ತೊಗಲಿನಂಥದ್ದು, ಹಾಗಾಗಿ ಒಂದರ ಮೇಲೊಂದು ಬಿದ್ದರೂ ಒಡೆಯುವುದಿಲ್ಲ. ರಿಡ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ನೂರರ ಮೇಲೆ ಇಡುತ್ತದೆ. ಕಣ್ಣಿನಿಂದ ಇಳಿಯುವ ನೀರನ್ನು ಕಂಡು ಮರುಗುವವರಿದ್ದಾರೆ. ಅದು ಮೈಯೊಳಗಿನ ಹೆಚ್ಚುವರಿ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ, ಕಡಲಿನಲ್ಲಿದ್ದಾಗಲೂ ನಡೆಯುತ್ತಲೇ ಇರುತ್ತದೆ.

ಗುಂಡಿ ಮುಚ್ಚಲು ಶುರುವಾದರೆ ಹಿಂದೆ ಸರಿಯಿರಿ, ಅಳುಕು ಮತ್ತೆ ಬರುತ್ತದೆ. ರಿಡ್ಲಿ ಮೈಯನ್ನು ಎಡಬಲ ವಾಲಿಸುತ್ತ ಹೊಟ್ಟೆಯ ಚಿಪ್ಪಿನಿಂದ ಮರಳನ್ನು ಧಪ್ ಧಪ್ ಎಂದು ಬಡಿದು ಗಟ್ಟಿ ಮಾಡುತ್ತದೆ, ಆ ಸದ್ದು ಚೆನ್ನಾಗಿ ಕೇಳುತ್ತದೆ. ಹಸಿರು ಕಡಲಾಮೆ ಮುಂಗಾಲಿನಿಂದ ಮರಳನ್ನು ದೂರಕ್ಕೆ ಎರಚಿ ಗೂಡಿನ ಗುರುತು ಅಳಿಸುತ್ತದೆ, ಹಿಂದೆ ಕೂತವರ ಕಣ್ಣೊಳಗೆ ಆ ಮರಳು ಬೀಳುವುದು ಖಂಡಿತ. ರಿಡ್ಲಿ ಒಂದು ಗಂಟೆಯೊಳಗೆ ಎಲ್ಲ ಮುಗಿಸುತ್ತದೆ; ಹಸಿರು ಕಡಲಾಮೆಗೆ ಎರಡು ಗಂಟೆಯೂ ಬೇಕಾದೀತು. ಕಡಲಿಗೆ ಇಳಿಯುವ ದಾರಿಯಲ್ಲಿ ಯಾರೂ ನಿಲ್ಲಬಾರದು, ನೆಲದ ಕಡೆ ಬೆಳಕು ಇರಬಾರದು. ಬೆಳಕಿದ್ದರೆ ಆಮೆ ದಿಕ್ಕು ತಪ್ಪಿ ಅತ್ತಲೇ ಹೊರಡುತ್ತದೆ.

ಒಡಿಶಾದ ಋಷಿಕುಲ್ಯ, ಗಹಿರ್ಮಠ, ಕೋಸ್ಟರಿಕಾದ ಒಸ್ಟಿಯೊನಾಲ್‌ನಂಥ ಕಡೆ ರಿಡ್ಲಿಗಳು ಸಾವಿರಗಟ್ಟಲೆ ಒಟ್ಟಿಗೆ ಏರುತ್ತವೆ. ಅಲ್ಲಿ ಒಂದು ತೋಡುವಾಗ ಇನ್ನೊಂದರ ಮೊಟ್ಟೆ ಮೇಲೆ ಬರುತ್ತದೆ. ಹೊರಗೆ ಬಿದ್ದ ಮೊಟ್ಟೆಯನ್ನು ಕರುಣೆಯಿಂದ ಎತ್ತಿ ಹೂಳಲು ಹೋಗಬೇಡಿ. ಇಟ್ಟು ಕೆಲವು ಗಂಟೆ ಕಳೆದ ಮೇಲೆ ಭ್ರೂಣ ಒಳಪೊರೆಗೆ ಅಂಟಿಕೊಂಡಿರುತ್ತದೆ, ಮೊಟ್ಟೆ ಉರುಳಿದರೆ ಸಾಯುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಮೊಟ್ಟೆ ತೆಗೆಯುವುದು ಅಪರಾಧವೂ ಹೌದು.

ಹೊರಡುವ ಮುನ್ನ ನಾವು ಕೂತಲ್ಲಿನ ಕುಳಿಗಳನ್ನೂ ಆಳವಾದ ಹೆಜ್ಜೆಗುರುತುಗಳನ್ನೂ ಕಾಲಿನಿಂದ ಸಮ ಮಾಡುತ್ತೇವೆ. ಗೂಡಿನ ಮೇಲೆ ಕೋಲು ನೆಡುವುದಿಲ್ಲ, ಅದು ಮೊಟ್ಟೆ ಕದಿಯುವವರಿಗೆ ದಾರಿ ತೋರಿಸಿದಂತೆ. ಮೊಟ್ಟೆಯೊಡೆಯಲು 45ರಿಂದ 60 ದಿನ ಬೇಕು, ಆದರೆ ಅದೇ ತೀರದಲ್ಲಿ ಹಳೆಯ ಗೂಡಿನ ಮರಿಗಳು ಅಂದೇ ರಾತ್ರಿ ಹೊರಬರಬಹುದು. ಹಿಮ್ಮಡಿ ಊರಿದ ಒಂದು ಕುಳಿಗೆ ಬಿದ್ದರೂ ಮರಿ ಹತ್ತಲಾರದೆ ಒದ್ದಾಡುತ್ತದೆ, ಬೆಳಗಾಗುವಷ್ಟರಲ್ಲಿ ಏಡಿ, ಕಾಗೆಗಳ ಪಾಲಾಗುತ್ತದೆ.