ಏಳುವ ಮುನ್ನವೇ ‘ಡೌನ್’ ಆಗುತ್ತಿದ್ದ ವರ್ಚುವಲ್ ನೋಡ್‌ಗಳು: ನನ್ನ ಅನುಭವ

ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ತಂತ್ರಾಂಶದ ಮೇಲೆ ನಾವು ನಡೆಸುವ ಸ್ಲರ್ಮ್ ಕ್ಲಸ್ಟರ್‌ನಲ್ಲಿ (ಸ್ಲರ್ಮ್ ಎಂದರೆ ಕಂಪ್ಯೂಟರ್‌ಗಳ ಗುಂಪಿಗೆ ಜಾಬ್‌ಗಳನ್ನು ಹಂಚುವ ತಂತ್ರಾಂಶ), ಜಾಬ್ ಸರದಿಗೆ ಬಂದಾಗಷ್ಟೇ ವರ್ಚುವಲ್ ಮಷೀನ್‌ಗಳು ಸೃಷ್ಟಿಯಾಗಿ, ಕೆಲಸ ಮುಗಿದ ಮೇಲೆ ಅಳಿಸಿಹೋಗುವ ವ್ಯವಸ್ಥೆಯಿದೆ. ಒಂದೆರಡು ನೋಡ್, ಅಂದರೆ ಅಂಥ ಮಷೀನ್, ಸಾಕಾದಾಗ ತೊಂದರೆಯಿರಲಿಲ್ಲ. ಆದರೆ ದೊಡ್ಡ ಎಂಪಿಐ ಜಾಬ್‌ಗಾಗಿ (ಹಲವು ಮಷೀನ್‌ಗಳು ಸಂದೇಶ ವಿನಿಮಯ ಮಾಡಿಕೊಳ್ಳುತ್ತ ಸೇರಿ ನಡೆಸುವ ಲೆಕ್ಕಾಚಾರ) ಹಲವು ನೋಡ್‌ಗಳು ಒಟ್ಟಿಗೆ ಏಳಬೇಕಾದಾಗ, ಕೆಲವು ‘ಡೌನ್’ (ಕೆಲಸಕ್ಕೆ ಲಭ್ಯವಿಲ್ಲ) ಎಂದು ಗುರುತಾಗಿ ಜಾಬ್ ಮತ್ತೆ ಸರದಿಗೆ ಮರಳುತ್ತಿತ್ತು. ಅಂಥ ಮಷೀನ್‌ಗೆ ಲಾಗಿನ್ ಆಗಿ ನೋಡಿದರೆ ಅದು ಚೆನ್ನಾಗಿಯೇ ನಡೆಯುತ್ತಿತ್ತು, ಗೊಂದಲವೆಲ್ಲ ಅಲ್ಲೇ ಇತ್ತು.

ನೋಡ್‌ಗಳನ್ನು ನಿರ್ವಹಿಸುವ ಸ್ಲರ್ಮ್ ಕಂಟ್ರೋಲರ್‌ನ ಲಾಗ್ ಓದಿದಾಗ ಕಾರಣ ಸಿಕ್ಕಿತು. ನೋಡ್ ಏಳಲು ಸ್ಲರ್ಮ್ ಕೊಡುವ ಗಡುವಾದ ‘ರೆಸ್ಯೂಮ್‌ಟೈಮ್‌ಔಟ್’ ನಾವು ಬದಲಿಸದಿದ್ದರೆ 60 ಸೆಕೆಂಡು. ಅಷ್ಟರೊಳಗೆ ನೋಡ್ ಉತ್ತರಿಸದಿದ್ದರೆ ಕಂಟ್ರೋಲರ್ ಅದನ್ನು ಕೈಬಿಡುತ್ತದೆ. ಅನೇಕ ಮಷೀನ್‌ಗಳು ಒಂದೇ ಇಮೇಜನ್ನು ಏಕಕಾಲಕ್ಕೆ ನಕಲಿಸಿಕೊಳ್ಳುವಾಗ, ಹೊಸ ಮಷೀನನ್ನು ಮೊದಲ ಬಾರಿಗೆ ಸಜ್ಜುಗೊಳಿಸುವ ಕ್ಲೌಡ್‌ಇನಿಟ್ ಮುಗಿಯುವ ಹೊತ್ತಿಗೆ ಗಡುವು ಮೀರಿರುತ್ತಿತ್ತು. ಆ ಗಡುವನ್ನು 600 ಸೆಕೆಂಡಿಗೆ ಏರಿಸಿ, ನಿಮಿಷಕ್ಕೆ ಇಷ್ಟೇ ನೋಡ್ ಏಳಲಿ ಎಂದು ‘ರೆಸ್ಯೂಮ್‌ರೇಟ್’ ತಗ್ಗಿಸಿದೆ.

ಆದರೂ ಅಪರೂಪಕ್ಕೊಂದು ನೋಡ್ ಸೇರಲು ವಿಫಲವಾಗುತ್ತಿತ್ತು. ಕ್ಲಸ್ಟರ್‌ನ ಮಷೀನ್‌ಗಳು ಪರಸ್ಪರ ಗುರುತು ಖಚಿತಪಡಿಸಿಕೊಳ್ಳಲು ಬಳಸುವ ಮಂಜ್ ಸೇವೆ ನೀಡುವ ದೃಢೀಕರಣ ಸಾಮಾನ್ಯವಾಗಿ 5 ನಿಮಿಷ ಮಾತ್ರ ಸಿಂಧುವಾದ್ದರಿಂದ, ಗಡಿಯಾರ ಅದಕ್ಕಿಂತ ಹೆಚ್ಚು ಹಿಂದುಮುಂದಾಗಿದ್ದ ಮಷೀನನ್ನು ಕಂಟ್ರೋಲರ್ ನಂಬುತ್ತಿರಲಿಲ್ಲ. ಗಡಿಯಾರ ಸರಿಪಡಿಸುವ ಕ್ರೋನಿ ವೇಳೆಯನ್ನು ಹೊಂದಿಸಿದ ನಂತರವೇ ಸ್ಲರ್ಮ್‌ಡಿ (ನೋಡ್‌ನಲ್ಲಿ ನಡೆಯುವ ಸ್ಲರ್ಮ್ ಸೇವೆ) ಆರಂಭವಾಗುವಂತೆ, ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿಯಲ್ಲಿ ಕ್ರಮ ನಿಗದಿಪಡಿಸಿದ ಮೇಲೆ ಅದೂ ನಿಂತಿತು. ಮೊದಲೇ ‘ಡೌನ್’ ಆಗಿರುವ ನೋಡ್‌ಗಳನ್ನು ಮಾತ್ರ ಸ್ಲರ್ಮ್‌ನ ‘ಎಸ್‌ಕಂಟ್ರೋಲ್’ ಆದೇಶದಿಂದ ನಾವೇ ಬಿಡುಗಡೆ ಮಾಡಬೇಕಾಯಿತು.