ಕೆರೆಯ ನಾತ, ನೀರಿನ ಆಕ್ಸಿಜನ್: ಎರಡೂ ವಿಭಾಗದವರು ಸೇರಿ ಪ್ರಾಜೆಕ್ಟ್ ಮಾಡುವ ಬಗೆ

ಬೆಂಗಳೂರಿನ ಕಾಲೇಜುಗಳಲ್ಲಿ ರಸಾಯನಶಾಸ್ತ್ರದವರು ಬಾಟಲಿ ಹಿಡಿದು ಕೆರೆ ದಡಕ್ಕೆ ಹೋಗುತ್ತಾರೆ. ಸಮಾಜಶಾಸ್ತ್ರದವರು ಪ್ರಶ್ನಾವಳಿ ಹಿಡಿದು ಅದೇ ಕೆರೆಯ ಪಕ್ಕದ ಬೀದಿ ಸುತ್ತುತ್ತಾರೆ. ಇವರ ದಿನ, ಹೊತ್ತು ಯಾವುದೂ ತಾಳೆಯಾಗದ ಕಾರಣ ಒಬ್ಬರ ವರದಿ ಇನ್ನೊಬ್ಬರ ಕೆಲಸಕ್ಕೆ ಬರುವುದಿಲ್ಲ. ಇಬ್ಬರೂ ಕೂಡಿ ಮಾಡುವುದಾದರೆ ಮೊದಲು ಪ್ರಶ್ನೆಯನ್ನು ಬಿಗಿ ಮಾಡಿಕೊಳ್ಳಿ. 'ಕೆರೆ ಮಾಲಿನ್ಯ: ಒಂದು ಅಧ್ಯಯನ' ಎನ್ನುವುದು ಬರೀ ಬೋರ್ಡು. 'ನೀರಿನಲ್ಲಿ ಆಕ್ಸಿಜನ್ ಇಳಿದ ದಿನ ಪಕ್ಕದ ಮನೆಗಳಿಗೆ ನಾತ ಹೆಚ್ಚು ಬರುತ್ತದೆಯೇ?' ಎಂದರೆ ಅದು ಪ್ರಶ್ನೆ.

ನೀರಿನ ಮಾದರಿಯನ್ನು ಮೂರು ಕಡೆ ತೆಗೆಯಿರಿ: ರಾಜಕಾಲುವೆ ಕೆರೆಗೆ ಸೇರುವಲ್ಲಿ, ನಡುವೆ, ಕೋಡಿಯ ಹತ್ತಿರ. ಹೊತ್ತು ಎರಡು: ಬೆಳಗಿನ 6 ಗಂಟೆ, ಮಧ್ಯಾಹ್ನ 3 ಗಂಟೆ. ಹಗಲಲ್ಲಿ ಪಾಚಿ ಆಕ್ಸಿಜನ್ ಬಿಡುತ್ತದೆ, ರಾತ್ರಿಯಿಡೀ ಉಸಿರಾಡಿ ಅದನ್ನೇ ಖಾಲಿ ಮಾಡುತ್ತದೆ. ಮಧ್ಯಾಹ್ನ ಮಾತ್ರ ಹೋದವರಿಗೆ ಲೀಟರಿಗೆ 10 ಮಿಲಿಗ್ರಾಂ ಸಿಕ್ಕಿ, 'ನೀರು ಉತ್ತಮ' ಎಂದು ಬರೆದುಬಿಡುತ್ತಾರೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ 25 ಡಿಗ್ರಿಯ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದೇ 7.4ರ ಆಸುಪಾಸು. ಅದಕ್ಕಿಂತ ಬಹಳ ಮೇಲೆ ಹೋದರೆ ಪಾಚಿ ವಿಪರೀತವಾಗಿದೆ ಎಂದರ್ಥ. ಮೀನಿಗೆ ತಕ್ಕ ನೀರಿನಲ್ಲಿ ಕನಿಷ್ಠ 4 ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಬೆಳಗಿನ ಅಳತೆಯನ್ನು ಅದಕ್ಕೆ ಹೋಲಿಸಿ.

ಆಕ್ಸಿಜನ್ ಅಳೆಯುವ ಮೀಟರ್ ಇಲ್ಲದಿದ್ದರೆ, ಕೆಮಿಕಲ್ ಹಾಕಿ ಅಳೆಯುವ ವಿಂಕ್ಲರ್ ವಿಧಾನ ಸಾಕು. 300 ಮಿಲಿಲೀಟರ್ ಬಿಒಡಿ ಬಾಟಲಿಯನ್ನು (ಆಕ್ಸಿಜನ್ ಪರೀಕ್ಷೆಗೆಂದೇ ಇರುವ ಬಿರಡೆಯ ಗಾಜಿನ ಬಾಟಲಿ) ನೀರೊಳಗೇ ತುಂಬಿಸಿ, ಗುಳ್ಳೆ ಉಳಿಯದಂತೆ ಬಿರಡೆ ಹಾಕಿ. ಒಂದು ಗುಳ್ಳೆ ಸಿಕ್ಕಿಕೊಂಡರೂ ಚೆಲ್ಲಿ ಮತ್ತೆ ತುಂಬಿಸಿ. ದಡದಲ್ಲೇ 2 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, 2 ಮಿ.ಲೀ. ಕ್ಷಾರೀಯ ಅಯೊಡೈಡ್-ಅಜೈಡ್ ದ್ರಾವಣ ಹಾಕಿ. ಪಿಪೆಟ್ಟಿನ ತುದಿ ನೀರಿನೊಳಗೆ ಇರಲಿ. ಬಿರಡೆ ಮುಚ್ಚಿ ಹದಿನೈದು ಸಲ ತಲೆಕೆಳಗು ಮಾಡಿ. ಕಂದು ಬಣ್ಣದ ಗಷ್ಟು ಕೂತರೆ ಆಕ್ಸಿಜನ್ ಇದೆ, ಬಿಳಿ ಬಂದರೆ ಇಲ್ಲ. ಬಿಳಿ ಕಂಡ ಕೂಡಲೇ ಕೆಮಿಕಲ್ ಕೆಟ್ಟಿದೆ ಎಂದು ಎಸೆಯಬೇಡಿ, ನಲ್ಲಿ ನೀರಿನಲ್ಲಿ ಇನ್ನೊಂದು ಬಾಟಲಿ ಮಾಡಿ ನೋಡಿ. ಅದು ಕಂದಾದರೆ ತೊಂದರೆ ಕೆರೆಯದ್ದೇ. ಗಷ್ಟು ಅರ್ಧ ಇಳಿದ ಮೇಲೆ 2 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲ ಹಾಕಿ ಕರಗಿಸಿ. ಕೈಗವಸು, ಕನ್ನಡಕ ಕಡ್ಡಾಯ. ಅದೇ ದಿನ ಲ್ಯಾಬಿನಲ್ಲಿ 203 ಮಿ.ಲೀ. ಅಳೆದು 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ (ಬಣ್ಣ ಹೋಗುವವರೆಗೆ ಹನಿಹನಿಯಾಗಿ ಹಾಕಿ ಅಳೆದರೆ), ಖರ್ಚಾದ ಒಂದೊಂದು ಮಿ.ಲೀ.ಗೆ ಲೀಟರಿಗೊಂದು ಮಿಲಿಗ್ರಾಂ ಲೆಕ್ಕ. (ಲೆಕ್ಕಕ್ಕೆ ಬೇಕಿರುವುದು 200 ಮಿ.ಲೀ. ಕೆರೆ ನೀರು; ಮೇಲಿನ 3 ಮಿ.ಲೀ. ದ್ರಾವಣಗಳು ಹೊರಚೆಲ್ಲಿಸಿದ ನೀರಿನ ಬಾಬ್ತು.) ಕೊನೆಯ ಬಿಂದು ತೋರಿಸುವ ಪಿಷ್ಟವನ್ನು ಬಣ್ಣ ತಿಳಿಹಳದಿಗೆ ಇಳಿದ ಮೇಲಷ್ಟೇ ಹಾಕಿ, ಮೊದಲೇ ಹಾಕಿದರೆ ಅಯೋಡಿನ್ ಅದಕ್ಕೆ ಅಂಟಿಕೊಂಡು ಕೊನೆಯ ಬಿಂದು ಜಾರುತ್ತದೆ.

ಇನ್ನು ಮನೆಗಳು. 600 ಮನೆಗಳಿದ್ದರೆ, ಶೇ. 95 ವಿಶ್ವಾಸಮಟ್ಟ, ಶೇ. 10 ತಪ್ಪಿನ ಅಂಚಿಗೆ 83 ಮನೆ ಸಾಕು. ಕೆಲವರು ಒಲ್ಲೆ ಎನ್ನುವುದರಿಂದ 100 ಇಟ್ಟುಕೊಳ್ಳಿ. 1ರಿಂದ 6ರೊಳಗೆ ಚೀಟಿ ಎತ್ತಿ, ಅಲ್ಲಿಂದ ಪ್ರತಿ ಆರನೆಯ ಮನೆ. ಬೀಗ ಹಾಕಿದ್ದರೆ ಸಂಜೆ ಮತ್ತೆ ಹೋಗಿ. ಪಕ್ಕದ ಮನೆಯ ಬಾಗಿಲು ತೆರೆದಿದೆಯೆಂದು ಅಲ್ಲಿಗೆ ನುಗ್ಗಿದರೆ ಹಗಲು ಮನೆಯಲ್ಲಿರುವವರ ಮಾತಷ್ಟೇ ದಕ್ಕುತ್ತದೆ.

'ಕೆರೆ ವಾಸನೆ ಬರುತ್ತಲ್ವಾ?' ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. 'ನಿನ್ನೆ ಕಿಟಕಿ ಯಾವಾಗ ಮುಚ್ಚಿದ್ರಿ, ಯಾಕೆ?' ಎಂದು ಕೇಳಿ. ಆ 'ಯಾಕೆ' ಬಿಟ್ಟರೆ ಕೆಟ್ಟಿತು: ಸಂಜೆ ಆರಕ್ಕೆ ಇಡೀ ಬೀದಿ ಕಿಟಕಿ ಮುಚ್ಚುವುದು ಸೊಳ್ಳೆಗೆ. ತಮಿಳು, ತೆಲುಗು, ಉರ್ದು, ಹಿಂದಿ ಮಾತಾಡುವ ಮನೆಗಳಿಗೆ ಪ್ರಶ್ನೆಯನ್ನು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರಿಂದ ಕನ್ನಡಕ್ಕೆ ವಾಪಸ್ ಮಾಡಿಸಿ; ಎಲ್ಲಿ ತಪ್ಪಿದೆ ಎಂದು ಆಗ ಕಾಣುತ್ತದೆ. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೀದಿಗೆ ಇಳಿಯುವ ಮೊದಲೇ ಕೈಯಲ್ಲಿರಬೇಕು.

ಈಗ ಜೋಡಣೆ. ನೀರು ತೆಗೆದ ಮರುದಿನ 'ನಿನ್ನೆ'ಯ ಪ್ರಶ್ನೆ ಕೇಳಿ. ನೀರಿಗೆ 8 ದಿನ ಹೋದರೆ ದಿನಕ್ಕೆ 12-13 ಮನೆ, ಅವೂ ಎಲ್ಲ ಬೀದಿಗಳಿಂದ ಚೀಟಿ ಎತ್ತಿದವು. ದಿನಕ್ಕೊಂದು ಬೀದಿ ಮುಗಿಸಿದರೆ ವ್ಯತ್ಯಾಸ ದಿನದ್ದೋ ಬೀದಿಯದ್ದೋ ಹೇಳಲಾಗದು. ಗಾಳಿಯ ದಿಕ್ಕನ್ನೂ ಬರೆದಿಡಿ. ಬಹುತೇಕ ಪ್ರಾಜೆಕ್ಟುಗಳು ಎಡವುವ ಜಾಗ ಮುಂದಿದೆ: ಮನೆ 100 ಇದ್ದರೂ, ಆಕ್ಸಿಜನ್-ನಾತದ ಸಂಬಂಧಕ್ಕೆ ನಿಮ್ಮ ಬಳಿ ಇರುವುದು 8 ದಿನ, ಅಂದರೆ 8 ಬಿಂದು. 100 ಎಂದು ಲೆಕ್ಕ ಹಾಕಿದರೆ ಇಲ್ಲದ ಸಂಬಂಧವೂ ಕಂಡೀತು.

ಹಳೆಯ ಅಂಕಿ ಬೇಕಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವು, ಹಾಗಾಗಿ ಮೊದಲ ವಾರವೇ ಹಾಕಿ.

ನೋಟ್‌ಬುಕ್ಕಿನ ಪುಟದ ಫೋಟೊವನ್ನು ದಡದಲ್ಲೇ ತೆಗೆದು, ಒಂದು ಪ್ರತಿ ಬೇರೆ ಕಟ್ಟಡದಲ್ಲಿಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹದಿನೆಂಟು ವರ್ಷ ಕೂತು ಸಂಸ್ಕರಿಸಿದ ಕ್ಷೇತ್ರ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸಿಕ್ಕಾಗ, ಮೂರು ಪ್ರತಿಗಳಿದ್ದವು. ಮೂರೂ ಒಂದೇ ಕೋಣೆಯಲ್ಲಿ.